ಸೆಕ್ರೆಟರಿಯವರ ಪೆಂಡಿಂಗ್ ಫೈಲು

ಮಾವಿನಕುರ್ವೆ ಬಂದರಿಗೆ ಹೋಗುವ ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ 'ನಾಯಿ ಸೆಕ್ರೆಟರಿ ಮನೆ ಎಲ್ಲಿ?' ಎಂದು ಕೇಳಿ ನೋಡಿ. ದಾರಿ ಹೇಳುವ ಮೊದಲು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. 'ಮರಿಗೆ ಬಂದದ್ದಾ? ಸಿಕ್ಕೂದಿಲ್ಲ ಮಾರಾಯ್ರೆ' ಎನ್ನುತ್ತಾರೆ. ದಾರಿ ಹೇಳುವುದು ಆಮೇಲೆ.

ಕೆಲವರು ಇಲ್ಲಿಯವರೆಗೂ ಬಂದು ಮುಟ್ಟುವುದಿಲ್ಲ. ಕುರ್ವೆ ಎಂದರೆ ನೀರು ಸುತ್ತುವರಿದ ನೆಲ. ನಮ್ಮ ಕಡೆ ಹೊಳೆಗೂ ಬರವಿಲ್ಲ, ಮಾವಿಗೂ ಬರವಿಲ್ಲ. ಹಾಗಾಗಿ ಭಟ್ಕಳದಲ್ಲಿ ಒಂದು ಮಾವಿನಕುರ್ವೆ, ಹೊನ್ನಾವರದಲ್ಲಿ ಶರಾವತಿಯ ನಡುವೆ ಇನ್ನೊಂದು ಮಾವಿನಕುರ್ವ. ಕುಮಟಾದಿಂದ ಬಂದವನೊಬ್ಬ ಅಲ್ಲಿ ಇಡೀ ದ್ವೀಪ ಸುತ್ತಿ, ಸಂಜೆ ಇಲ್ಲಿಗೆ ತಲುಪಿ, ಸೆಕ್ರೆಟರಿಯವರ ಎದುರು ಬೆವರು ಒರೆಸಿಕೊಂಡ. ಅವರು ನೀರು ಕೊಟ್ಟರು, ಬೆಲ್ಲ ಕೊಟ್ಟರು, ಮರಿ ಕೊಡಲಿಲ್ಲ. 'ವಿಳಾಸ ಸರಿಯಾಗಿ ಕೇಳಿಕೊಳ್ಳದವನು ಇಂಜೆಕ್ಷನ್ ತಾರೀಖು ನೆನಪಿಟ್ಟುಕೊಳ್ತಾನಾ?' ಎಂದು ಅವನು ಹೋದಮೇಲೆ ನನ್ನನ್ನು ಕೇಳಿದರು.

ಸೆಕ್ರೆಟರಿ ಎಂದರೆ ಸೊಸೈಟಿ ಸೆಕ್ರೆಟರಿ. 31 ವರ್ಷ ಬೆಳೆಸಾಲ, ಬೋಟುಸಾಲ, ಎಮ್ಮೆಸಾಲ ಎಂದು ಕೊಟ್ಟು ನಿವೃತ್ತರಾದವರು. ಊರಿನಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ಎಂಬುದು ಅವರಿಗೆ ಪಹಣಿಯಷ್ಟೇ ಬಾಯಿಪಾಠ. ನಿವೃತ್ತಿಯ ನಂತರ ಬೇರೆಯವರು ತೀರ್ಥಯಾತ್ರೆಗೆ ಹೋದರೆ ಇವರು ಮುಧೋಳಕ್ಕೆ ಹೋದರು. ಅಲ್ಲಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರವಿದೆ. ನೋಡಿಕೊಂಡು ಬರುತ್ತೇನೆ ಎಂದು ಹೋದವರು ಒಂದು ಹೆಣ್ಣು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಹೆಸರು ಗಂಗೆ.

ಮುಧೋಳ ನಾಯಿ ಕರಾವಳಿಯವರ ಕಣ್ಣಿಗೆ ಬೀಳುವುದು ಒಂದೇ ರೀತಿ: ಉಪವಾಸ ಬಿದ್ದದ್ದು. ಉದ್ದ ಮೂತಿ, ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ, ಎಣಿಸಿಕೋ ಎನ್ನುವಂಥ ಪಕ್ಕೆಲುಬು. ಮೀನು ಮಾರುವ ಹೆಂಗಸರು ಗಂಗೆಯನ್ನು ಕಂಡು ಮರುಗಿ ಬುಟ್ಟಿಯಿಂದ ಬಂಗುಡೆ ಎಸೆದು, ಸೆಕ್ರೆಟರಿಯವರ ಹೆಂಡತಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. 'ಪಿಂಚಣಿ ಬತ್ತದಲ ಅಕ್ಕಾ, ಒಂದು ಮುಷ್ಟಿ ಅನ್ನ ಹಾಕೂಕೆ ಎಂತ ಕಷ್ಟ?' ಇದು ಓಡುವ ಜಾತಿ, ಇದರ ಮೈ ಇರುವುದೇ ಹೀಗೆ, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪು ತಂದಿದೆ ಎಂದು ಸೆಕ್ರೆಟರಿ ವಿವರಿಸಿದರು. ಸ್ಟಾಂಪಿನಲ್ಲೂ ಹೊಟ್ಟೆ ಒಳಗೇ ಇತ್ತು ಎಂಬುದು ಅವರ ವಾದ. ಬಂಗುಡೆ ನಿಲ್ಲಲಿಲ್ಲ.

ಮೊದಲ ಸಲ ಗಂಗೆ ಮರಿ ಹಾಕಿದಾಗ ಶುರುವಾಯಿತು ನೋಡಿ, ಸಾಲ ಮಂಜೂರಾತಿಯ ಎರಡನೇ ಇನ್ನಿಂಗ್ಸ್.

ಪರೀಕ್ಷೆ ಗೇಟಿನಲ್ಲೇ ಆರಂಭ. ಬಂದವರು ಗೇಟು ತೆರೆದು ಒಳಗೆ ಬರುತ್ತಾರೆ. ತಿರುಗಿ ಚಿಲಕ ಹಾಕುತ್ತಾರೋ ಇಲ್ಲವೋ ಎಂದು ಇವರು ಜಗಲಿಯ ಕುರ್ಚಿಯಿಂದ, ಪೇಪರಿನ ಮೇಲಂಚಿನಿಂದ ನೋಡುತ್ತಿರುತ್ತಾರೆ. ಹಾಕದೆ ಬಂದರೆ ಮುಗಿಯಿತು. ಉಳಿದದ್ದೆಲ್ಲ ಚಾ ಕುಡಿದು ಹೋಗುವವರೆಗಿನ ಉಪಚಾರ. ಹಾಕಿ ಬಂದರೆ ಎರಡನೇ ಹಂತ: ಗಂಗೆ ಬಂದು ಪ್ಯಾಂಟು ಮೂಸುತ್ತಾಳೆ. ಕಾಲು ಹಿಂದೆಗೆಯುವವರು, 'ಹಚಾ' ಎನ್ನುವವರು, ಪ್ಯಾಂಟು ಕೊಡವಿಕೊಳ್ಳುವವರು ಇರುತ್ತಾರೆ. ಮಾತನಾಡುತ್ತಲೇ ಕೈ ಕೆಳಗೆ ಬಿಟ್ಟು ಮೂಸಲು ಕೊಡುವವರೂ ಇರುತ್ತಾರೆ. ಆ ಕೈಯನ್ನು ಕಂಡಾಗ ಮಾತ್ರ ಸೆಕ್ರೆಟರಿ ಪೇಪರು ಮಡಚುತ್ತಾರೆ.

ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಯಾರಿರುತ್ತಾರೆ? ಧರ್ಮಸ್ಥಳಕ್ಕೆ ಎಲ್ಲರೂ ಹೋದರೆ ಅನ್ನ ಹಾಕುವುದು ಯಾರು? ದೀಪಾವಳಿ ರಾತ್ರಿ ಪಟಾಕಿ ಹೊಡೆಯುವಾಗ ನಾಯಿ ಎಲ್ಲಿರುತ್ತದೆ? ಮಗ ಪಿಯುಸಿಯಲ್ಲಿದ್ದಾನೆ ಅಂದಿರಿ, ಮರಿ ಕೇಳಿದ್ದು ಅವನೇ ಅಂದಿರಿ, ಮೂರು ವರ್ಷಕ್ಕೆ ಅವನು ಬೆಂಗಳೂರಿಗೆ ಹೋಗುತ್ತಾನೆ. ನಾಯಿ ಇನ್ನೂ ಹತ್ತು ವರ್ಷ ಇರುತ್ತದೆ, ಆಗ?

ಆದರೆ ಅವರ ಬ್ರಹ್ಮಾಸ್ತ್ರ ಬೇರೆ. ಚಾ ಲೋಟ ಕೈಗೆ ಬಂದಮೇಲೆ, ಊರ ಸುದ್ದಿಯ ನಡುವೆ, ಏನೂ ಅಲ್ಲವೆಂಬಂತೆ ಕೇಳುತ್ತಾರೆ: 'ಹಿಂದಿನ ನಾಯಿ ಎಂತಾಯ್ತು?'

ಈ ಪ್ರಶ್ನೆಗೆ ಬಂದ ಉತ್ತರಗಳನ್ನು ಅವರು ಸೊಸೈಟಿಯ ಹಳೇ ಲೆಡ್ಜರಿನಲ್ಲಿ ಬರೆದಿಟ್ಟಿದ್ದಾರೆ. ನನಗೆ ಒಮ್ಮೆ ಓದಲು ಕೊಟ್ಟಿದ್ದರು. ನಮ್ಮ ತಾಲ್ಲೂಕಿನ ಸಾಮಾಜಿಕ ಇತಿಹಾಸ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಸಿಗಲಾರದು. 'ಹೈವೇಯಲ್ಲಿ ಹೋಯಿತು', ಚತುಷ್ಪಥವಾದಮೇಲೆ ಈ ಉತ್ತರವೇ ಹೆಚ್ಚು. 'ಚಿರತೆ ಒಯ್ತು', ಗುಡ್ಡದ ಬುಡದವರದು. 'ಗೊತ್ತಿಲ್ಲ, ಬರುವುದನ್ನು ನಿಲ್ಲಿಸಿತು.' 'ಯಾವುದು? ಮೂರಿದ್ದವು.' ಒಂದು ಕಡೆ ಮಾತ್ರ ಹೀಗಿತ್ತು: 'ಹದಿಮೂರು ವರ್ಷ ಇತ್ತು. ಕೊನೆಗೆ ಕಣ್ಣು ಕಾಣ್ತಿರಲಿಲ್ಲ, ಬಾವಿಕಟ್ಟೆ ಹತ್ತಿರ ಹೋಗದ ಹಾಗೆ ಅಡಿಕೆ ದಬ್ಬೆ ಕಟ್ಟಿದ್ದೆವು.' ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮಂಜೂರು ಎಂದು ಬರೆದು ಎರಡು ಸಲ ಗೆರೆ ಎಳೆದಿತ್ತು. ಚಿರತೆ ಒಯ್ದವರನ್ನೂ ಅವರು ಪೂರ್ತಿ ಕೈಬಿಡುವುದಿಲ್ಲ. ರಾತ್ರಿ ನಾಯಿ ಎಲ್ಲಿ ಮಲಗಿತ್ತು ಎಂದು ಕೇಳುತ್ತಾರೆ. 'ಅಂಗಳದಲ್ಲಿ ಸರಪಳಿಗೆ ಕಟ್ಟಿತ್ತು' ಎಂದರೆ, 'ಹಾಗಾದರೆ ಚಿರತೆ ಒಯ್ದದ್ದಲ್ಲ, ನೀವು ಬಡಿಸಿದ್ದು' ಎನ್ನುತ್ತಾರೆ.

ಇಷ್ಟೆಲ್ಲ ಆದರೂ ಅವರು ಯಾರಿಗೂ ಇಲ್ಲ ಎಂದು ಹೇಳಿದವರಲ್ಲ. ಸೊಸೈಟಿಯಲ್ಲಿ ಇಲ್ಲ ಎಂದರೆ ಮುಂದಿನ ಚುನಾವಣೆಯಲ್ಲಿ ಅವನೇ ಡೈರೆಕ್ಟರಾಗಿ ಬಂದು ಎದುರು ಕೂರುತ್ತಾನೆ. ಹಾಗಾಗಿ 31 ವರ್ಷದಲ್ಲಿ ಅವರು ಬಳಸಿದ ಶಬ್ದ ಒಂದೇ: ಪೆಂಡಿಂಗ್. 'ನಿಮ್ಮದು ಪೆಂಡಿಂಗ್ ಇಟ್ಟಿದ್ದೇನೆ.' ಜನ ನಗುತ್ತಾ ಹೋಗುತ್ತಾರೆ. ಅವರ ಪೆಂಡಿಂಗ್ ಫೈಲಿನಲ್ಲಿ ಸತ್ತವರ ಹೆಸರೂ ಇದೆ.

ಹೆದ್ದಾರಿ ಪಕ್ಕ ಹೊಸದಾಗಿ ಬಂಗಲೆ ಕಟ್ಟಿಸಿದವರೊಬ್ಬರು ಕಾರಿನಲ್ಲಿ ಬಂದು, ಕೂರದೆಯೇ, 'ರೇಟ್ ಎಷ್ಟಾದರೂ ಆಗಲಿ, ಗೇಟಿಗೆ ಒಂದು ಇರಲಿ ಅಂತ' ಎಂದರು. ಸಿಂಹದ ಮೂರ್ತಿ ಕೇಳುವ ಹಾಗೆ. ಸೆಕ್ರೆಟರಿ ಬಹಳ ವಿನಯದಿಂದ, 'ಗೇಟಿಗಾದರೆ ಸಿಮೆಂಟಿನದ್ದೇ ಚಲೋ, ಮಳೆಗೂ ತಡಿತದೆ' ಎಂದು ಸಿಮೆಂಟಿನ ಗೊಂಬೆ ಮಾಡುವವರ ಫೋನ್ ನಂಬರು ಬರೆದುಕೊಟ್ಟರು. ಹೀಗಿರುವಾಗ ಹುಬ್ಬಳ್ಳಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಫ್ಲಾಟಿನಲ್ಲಿರುವ ಒಬ್ಬ ಹೆಣ್ಣುಮಗಳಿಗೆ, ಅಂಗಳವೂ ಇಲ್ಲ, ಗೇಟೂ ಇಲ್ಲ, ಮರಿ ಮಂಜೂರಾಯಿತು. ನಾವೆಲ್ಲ ಆಶ್ಚರ್ಯಪಟ್ಟೆವು. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಡುವವಳಂತೆ. ಬಾಡಿಗೆ ಮನೆಯ ಮಾಲೀಕರು ನಾಯಿಗೆ ಒಪ್ಪಿ ಬರೆದುಕೊಟ್ಟ ಚೀಟಿಯನ್ನು ಕೇಳುವ ಮೊದಲೇ ತೆಗೆದಿಟ್ಟಳಂತೆ. 'ಎಕರೆ ನೋಡಿ ಸಾಲ ಕೊಡಬಾರದು ಮಾಸ್ತರ್ರೇ, ಏಳುವ ಹೊತ್ತು ನೋಡಿ ಕೊಡಬೇಕು' ಎಂದರು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಈ ತಳಿಯ ಒಂದು ಜೋಡಿ ಕೊಟ್ಟಿದ್ದರೆಂಬ ಕತೆಯಿದೆ. ಸೆಕ್ರೆಟರಿಯವರಿಗೆ ಅದರ ಬಗ್ಗೆ ಹೆಮ್ಮೆಯ ಜೊತೆಗೆ ಸಣ್ಣದೊಂದು ಅಸಮಾಧಾನವೂ ಇದೆ. ಅರಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಯಾರಿರುತ್ತಾರೆಂದು ಮಾಲೋಜಿರಾಯರು ವಿಚಾರಿಸಿದ ದಾಖಲೆ ಎಲ್ಲೂ ಇಲ್ಲ.

ನಾಯಿಯ ಬಸಿರು ಸುಮಾರು 63 ದಿನ. ನಮ್ಮ ಬಂದರಿನವರಿಗೆ ಇದನ್ನು ವಿವರಿಸುವುದು ಸುಲಭ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್, 61 ದಿನ. ಅದರ ಮೇಲೆ ಎರಡು ದಿನ ಸೇರಿಸಿದರೆ ಆಯಿತು. ಮರಿ ಹುಟ್ಟಿದ ಮೇಲೆ ಎಂಟು ವಾರ ತುಂಬುವವರೆಗೆ ಯಾರ ಕೈಗೂ ಇಲ್ಲ. ಎಂಟು ವಾರದೊಳಗೆ ಮಾರಬಾರದು ಎಂದು 2017ರ ಕೇಂದ್ರ ನಿಯಮವೇ ಹೇಳುತ್ತದೆ. ತಾಯಿಗೆ 18 ತಿಂಗಳಾಗಿರಬೇಕು, ವರ್ಷಕ್ಕೊಂದೇ ಸಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಮರಿ ಹಾಕಿಸುವಂತಿಲ್ಲ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ನಿಯಮ ಬಂದಾಗ ಬೇರೆ ನಾಯಿ ವ್ಯಾಪಾರಿಗಳು ಹಣೆ ಚಚ್ಚಿಕೊಂಡರೆ, ಇವರು ಲಗ್ನಪತ್ರಿಕೆ ಓದುವ ಹಾಗೆ ಎರಡು ಸಲ ಓದಿ, ನೋಂದಣಿ ಪತ್ರವನ್ನು ಬೀಳ್ಕೊಡುಗೆಯ ಫೋಟೋ ಪಕ್ಕ ತೂಗುಹಾಕಿದರು. ಐದು ಸಲ ಎಂಬುದು ಮಾತ್ರ ಅವರಿಗೆ ಅತಿಯೆನಿಸಿತು. ಗಂಗೆಗೆ ಮೂರೇ ಸಾಕು ಎಂದರು.

ಆ ಎಂಟು ವಾರ ಅವರ ಮನೆ ಒಂದು ಗುರುಕುಲ. ಮೂರನೇ ವಾರದಿಂದ ಮರಿಯ ಕಿವಿ, ಕಣ್ಣು ತೆರೆದು ಜಗತ್ತು ಒಳಗೆ ಬರುತ್ತದೆ, ಆಗ ಕೇಳಿದ್ದಕ್ಕೆ ಮುಂದೆ ಹೆದರುವುದಿಲ್ಲ ಎಂದು ಎಲ್ಲೋ ಓದಿಕೊಂಡಿದ್ದಾರೆ. ಹಾಗಾಗಿ ಬೆಳಿಗ್ಗೆ ಮಿಕ್ಸರ್ ಪಾಠ, ಮಧ್ಯಾಹ್ನ ಪ್ರೆಶರ್ ಕುಕ್ಕರ್ ಪಾಠ. ಸಂಜೆ ಬುಟ್ಟಿಯಲ್ಲಿಟ್ಟುಕೊಂಡು ಬಂದರಿಗೆ, ಬೋಟಿನ ಇಂಜಿನ್ ಕೇಳಿಸಲು. ರಾತ್ರಿ ಮೊಬೈಲಿನಲ್ಲಿ ಯಕ್ಷಗಾನದ ಚಂಡೆ, ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಪಕ್ಕದ ಮನೆಯವರು ಬೆಳಗಾಗುವಷ್ಟರಲ್ಲಿ ಎರಡು ಪ್ರಸಂಗ ಕೇಳಿ ಮುಗಿಸಿರುತ್ತಿದ್ದರು. ಮರಿಗಳು ಹೆದರುವುದನ್ನು ಬಿಟ್ಟವು. ಪಕ್ಕದ ಮನೆಯವರ ವಿಷಯ ಹೇಳಲಾರೆ.

ಯಾವ ಮರಿ ಯಾರಿಗೆ ಎಂಬುದು ಬಂದವರು ತೋರಿಸಿದ್ದಲ್ಲ. ಅವರು ತೋರಿಸುವುದು ಬಿಳಿ ಪಾದದ್ದನ್ನು, ಹಣೆಯ ನಾಮದ್ದನ್ನು. ಇವರು ಏಳು ವಾರ ನೋಡಿರುತ್ತಾರೆ: ತಾಟಿಗೆ ಮೊದಲು ನುಗ್ಗುವುದು ಯಾವುದು, ಚಂಡೆಗೆ ಬಾಲ ಮಡಚಿದ್ದು ಯಾವುದು. ನುಗ್ಗುವುದು ಬೋಟಿನವರ ಮನೆಗೆ, ಬಾಲ ಮಡಚಿದ್ದು ಮಕ್ಕಳಿಲ್ಲದ ನಿಧಾನದ ಮನೆಗೆ.

ಕಷ್ಟ ಇರುವುದು ಹೆಣ್ಣು ಮರಿಯಲ್ಲಿ. ಬಂದ ಹತ್ತರಲ್ಲಿ ಒಂಬತ್ತು ಜನ 'ಗಂಡಿದ್ರೆ ಹೇಳಿ' ಎನ್ನುವವರೇ. ಮೀನು ಮಾರ್ಕೆಟ್ಟಿನ ಹಿಂದೆ ಗೋಣಿಚೀಲ ಬಿಚ್ಚಿ ನೋಡಿದರೆ ಒಳಗಿರುವುದೂ ಹೆಣ್ಣೇ. ಗಂಗೆಯ ಮೊದಲ ಸಲದ ಆರರಲ್ಲಿ ನಾಲ್ಕು ಹೆಣ್ಣು. ಸೆಕ್ರೆಟರಿ ಅವಕ್ಕೆ ಜಿಲ್ಲೆಯ ಹೊಳೆಗಳ ಹೆಸರಿಟ್ಟರು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಗಂಡಿಗೆ ಹೆಸರೇ ಇಡಲಿಲ್ಲ, ಅವು ಹೇಗೂ ಹೋಗುತ್ತವೆ ಎಂದು. ಆಮೇಲೊಂದು ಠರಾವು ಮಾಡಿದರು: ಹೆಣ್ಣು ಮರಿ ಕೇಳಿಕೊಂಡು ಬಂದವರ ಅರ್ಜಿ ಮೊದಲು, ಗಂಡಿನವರದ್ದು ಆಮೇಲೆ. ಸುದ್ದಿ ಹಬ್ಬಿ ಜನ 'ಹೆಣ್ಣೇ ಬೇಕು' ಎನ್ನುತ್ತಾ ಬರತೊಡಗಿದರು. ಕೈಯಲ್ಲಿ ಮಾತ್ರ ಗಂಡು ಮರಿ ಎತ್ತಿಕೊಂಡಿರುತ್ತಿದ್ದರು.

ಮರಿಯ ಜೊತೆ ಒಂದು ಪಾಸ್‌ಬುಕ್. ಸೊಸೈಟಿಯದ್ದೇ ಹಳೇ ರಟ್ಟು. ಜಂತಿನ ಔಷಧ ಹಾಕಿದ ತಾರೀಖು, ಪಾರ್ವೊ-ಡಿಸ್ಟೆಂಪರಿನ ಮೊದಲ ಚುಚ್ಚುಮದ್ದು, ಮುಂದಿನದ್ದು ಯಾವಾಗ, ಮೂರು ತಿಂಗಳಿಗೆ ರೇಬೀಸ್, ಮಳೆಗಾಲ ಮುಗಿದ ಮೇಲೆ ಉಣುಗು ನೋಡುವುದು ಹೇಗೆ. ಕೊನೆಯ ಪುಟದಲ್ಲಿ ಇಬ್ಬರು ಜಾಮೀನುದಾರರ ಸಹಿ; ಒಬ್ಬರು ಕಡ್ಡಾಯವಾಗಿ ಅನ್ನ ಹಾಕುವವರು. ಸಹಿಯ ಮೇಲೆ ಒಂದೇ ಷರತ್ತು: ಸಾಕಲಾಗದಿದ್ದರೆ ಬೇರೆ ಯಾರಿಗೂ ದಾಟಿಸತಕ್ಕದ್ದಲ್ಲ, ಎಷ್ಟೇ ವಯಸ್ಸಾಗಿರಲಿ, ಇಲ್ಲಿಗೇ ತಂದು ಬಿಡತಕ್ಕದ್ದು. 'ಸೊಸೈಟಿಯಲ್ಲಿ ಕೊಟ್ಟದ್ದು ವಾಪಸ್ ಬರಲಿ ಅಂತ ದೇವರಿಗೆ ಕಾಯಿ ಒಡೀತಿದ್ದೆ, ಈಗ ಬರದೇ ಇರಲಿ ಅಂತ ಒಡೀತೇನೆ' ಎನ್ನುತ್ತಾರೆ. ಕಾಯಿಯ ಖರ್ಚು ಅಷ್ಟೇ ಇದೆಯಂತೆ.

ಮರಿ ಹೋದಮೇಲೆ ವಸೂಲಾತಿ ತಿರುಗಾಟ. ಸ್ಕೂಟರಿನಲ್ಲಿ ಮುರ್ಡೇಶ್ವರದ ಕಡೆ, ಹೊನ್ನಾವರದ ಕಡೆ, ಹೇಳದೇ ಕೇಳದೇ. ಹೋದ ಮನೆಯಲ್ಲಿ ಯಜಮಾನರನ್ನು ಮಾತಾಡಿಸುವ ಮೊದಲು ನೀರಿನ ಬಟ್ಟಲು ನೋಡುತ್ತಾರೆ. ಬಟ್ಟಲು ಒಣಗಿದ್ದರೆ, 'ಸುಸ್ತಿ' ಎಂದು ಬರೆದುಕೊಳ್ಳುತ್ತಾರೆ. ಊರಿನಲ್ಲಿ ಅವರ ಸ್ಕೂಟರಿನ ಸದ್ದು ಕೇಳಿದರೆ ಹೆಂಗಸರು ಒಲೆ ಬಿಟ್ಟು ಚೊಂಬು ಹಿಡಿದು ಓಡುತ್ತಾರೆ.

ಇನ್ನು ನನ್ನ ವಿಷಯ. ಗಂಗೆ ಮೂರು ಸಲ ಮರಿ ಹಾಕಿದಳು, ಮೂರು ಸಲವೂ ನಾನು ಅರ್ಜಿ ಹಾಕಿದೆ, ಮೂರು ಸಲವೂ ಪೆಂಡಿಂಗ್. ಗೇಟಿನ ಚಿಲಕ ಹಾಕಿದ್ದೇನೆ, ಮೂಸಲು ಕೈ ಕೊಟ್ಟಿದ್ದೇನೆ, ಬಾವಿಗೆ ಬಲೆ ಹಾಕಿಸಿದ್ದೇನೆ. ಹತ್ತಿರದವನೆಂಬ ಸಲುಗೆಯಿಂದ ಕೇಳಿದರೆ, 'ಮಧ್ಯಾಹ್ನ ನೀವು ಶಾಲೆಯಲ್ಲಿ' ಎನ್ನುತ್ತಿದ್ದರು. ಕಳೆದ ವರ್ಷ ನಿವೃತ್ತನಾದೆ. ಅಷ್ಟರಲ್ಲಿ ಗಂಗೆಯ ಕಾಲವೂ ಮುಗಿದಿತ್ತು, ಮರಿಗಳ ಕಾಲವೂ.

ಮೊನ್ನೆ ಸಂಜೆ ಸೆಕ್ರೆಟರಿ ಬಂದರು, ಹಗ್ಗದ ತುದಿಯಲ್ಲಿ ಒಂದು ನಾಯಿ. ಮುಖವೆಲ್ಲ ಬೆಳ್ಳಗಾಗಿದೆ. ಅಘನಾಶಿನಿ; ಸಾಕಿದವರು ಕರೆಯಲು ಕಷ್ಟವೆಂದು ಅಗ್ಗಿ ಮಾಡಿದ್ದರು. ಒಂಬತ್ತು ವರ್ಷ. ಅವರ ಮಗ ಕೆನಡಾಕ್ಕೆ ಕರೆಸಿಕೊಂಡ, ಷರತ್ತಿನ ಪ್ರಕಾರ ತಂದು ಬಿಟ್ಟರು, ಬಿಡುವಾಗ ಆ ಮನೆಯ ಅಜ್ಜ ಅತ್ತರು ಎಂದರು.

'ನಿಮ್ಮದು ಮಂಜೂರಾಯ್ತು ಮಾಸ್ತರ್ರೇ.'

'ಈಗ ನೆನಪಾಯ್ತಾ ನಾನು ಮನೆಯಲ್ಲೇ ಇರುವವ ಅಂತ?' ಎಂದೆ, ಸ್ವಲ್ಪ ಬಿರುಸಾಗಿಯೇ.

ಸೆಕ್ರೆಟರಿ ಲೆಡ್ಜರು ಬಿಚ್ಚಿ ನನ್ನ ಪುಟ ತೋರಿಸಿದರು. ಮೂರು ಅರ್ಜಿ. ಮೂರರ ಪಕ್ಕದಲ್ಲೂ ಒಂದೇ ಷರಾ: 'ಮನೆಯವರಿಗೆ ಫೋನ್ ಮಾಡಲಾಗಿ, ಕೊಡಬೇಡಿ, ಕಡೆಗೆ ನಾನೇ ಸಾಕಬೇಕಾಗುತ್ತದೆ ಎಂದರು.' ನಾಲ್ಕನೆಯದು ಹೊಸ ಶಾಯಿ: 'ಮನೆಯವರೇ ಫೋನ್ ಮಾಡಿ, ಇವರು ರಿಟೈರಾದ ಮೇಲೆ ದಿನವಿಡೀ ಅಡಿಗೆಮನೆಯಲ್ಲೇ ಇರುತ್ತಾರೆ, ಬೆಳಿಗ್ಗೆ ಸಂಜೆ ಹೊರಗೆ ಎಳೆದುಕೊಂಡು ಹೋಗುವಂಥದ್ದು ಯಾವುದಾದರೂ ಇದ್ದರೆ ಕೊಡಿ ಎಂದರು.'

ಜಾಮೀನಿನ ಜಾಗದಲ್ಲಿ ಅವಳ ಸಹಿ ಆಗಲೇ ಬಿದ್ದಿತ್ತು. ಅಗ್ಗಿ ನನ್ನ ಪಂಚೆ ಮೂಸಿ, ನನ್ನನ್ನು ದಾಟಿ, ಸೀದಾ ಅಡಿಗೆಮನೆಗೆ ಹೋದಳು.