ದ್ರೋಹಿಗಳಿಗೆ ಮೊಮ್ಮಕ್ಕಳಿಲ್ಲ

ನಮ್ಮ ಕಡೆ ಅಂತರ್ಯುದ್ಧ ಅನ್ನುವುದು ನಡೆದೇ ಇಲ್ಲ. ಬೇಕಾದರೆ ನಮ್ಮೂರು ಕಣಗಲಾದಲ್ಲಿ ಬಸ್ಸಿಳಿದು, ಹೆದ್ದಾರಿ ಬದಿಯಲ್ಲಿ ಚಹಾ ಕುಡಿಯುತ್ತ ನಿಂತವರನ್ನು ಕೇಳಿ ನೋಡಿ. "ಅವೆಲ್ಲಾ ಅಮೆರಿಕಾದಾಗ, ಶ್ರೀಲಂಕಾದಾಗ ಆಗೂವು ಬಿಡ್ರಿ. ನಮ್ಮಲ್ಲಿ ಆಗಿದ್ದು ಸ್ವಾತಂತ್ರ್ಯದ ಲಡಾಯಿ" ಅನ್ನುತ್ತಾರೆ. ಆ ಲಡಾಯಿಯಲ್ಲಿ ಆ ಕಡೆ ಇಂಗ್ಲಿಷರು, ಈ ಕಡೆ ನಾವು, ನಡುವೆ ಒಬ್ಬಿಬ್ಬರು ದ್ರೋಹಿಗಳು. ಈ ದ್ರೋಹಿ ಎಂಬ ಪದ ಬಲು ಉಪಯೋಗದ್ದು. ಎದುರಿಗೆ ಕತ್ತಿ ಹಿಡಿದು ನಿಂತವ ನಮ್ಮೂರವನೇ ಇರಲಿ, ನಮ್ಮ ಬಾವಿಯ ನೀರೇ ಕುಡಿದಿರಲಿ, ದ್ರೋಹಿ ಅಂದುಬಿಟ್ಟರೆ ಅವ ನಮ್ಮವರ ಪಟ್ಟಿಯಿಂದ ಹೊರಗೆ ಬಿದ್ದ. ಉಳಿದವರೆಲ್ಲ ಒಂದೇ ಕಡೆ ಇದ್ದೆವು ಎಂದಾಯಿತು. ಒಂದೇ ಕಡೆ ಇದ್ದವರ ನಡುವೆ ಎಲ್ಲಿಯ ಅಂತರ್ಯುದ್ಧ?

ಲೆಕ್ಕವೇನೋ ಸರಿಯಾಗಿದೆ. ಆದರೆ ನನಗೊಂದು ಅನುಮಾನ. ಸಂಗೊಳ್ಳಿ ರಾಯಣ್ಣನ ಹೆಸರೆತ್ತಿದರೆ ಈ ಜಿಲ್ಲೆಯಲ್ಲಿ ಅರ್ಧ ಜನರ ಮುತ್ಯಾನ ಮುತ್ಯಾ ಅವನ ದಂಡಿನಲ್ಲೇ ಇದ್ದವನು. 1824ರಲ್ಲಿ ಇಂಗ್ಲಿಷರ ಕಂಪನಿಯ ಜೊತೆ ಕಾದಿದ ಕಿತ್ತೂರಿನ ರಾಣಿ ಚೆನ್ನಮ್ಮನ ಸೈನ್ಯದಲ್ಲಿ ಇದ್ದೆವೆಂದು ಹೇಳುವ ಮನೆತನಗಳನ್ನೆಲ್ಲ ಒಂದೆಡೆ ಕೂಡಿಸಿದರೆ ಕಿತ್ತೂರಿನ ಕೋಟೆ ಹಾಗಿರಲಿ, ಬೆಳಗಾವಿಯ ಸುವರ್ಣ ವಿಧಾನಸೌಧವೂ ಸಾಲಲಿಕ್ಕಿಲ್ಲ. ಆದರೆ "ನಾವು ಮಲ್ಲಪ್ಪ ಶೆಟ್ಟಿ ಕಡೆಯವರು" ಅಂದ ಒಬ್ಬನೇ ಒಬ್ಬನನ್ನು ಈ ಎಪ್ಪತ್ತು ವರ್ಷದಲ್ಲಿ ನಾನು ಕಂಡಿಲ್ಲ. ಮೂವತ್ತೈದು ತುಂಬುವ ಮೊದಲೇ ನೇಣಿಗೇರಿದ ರಾಯಣ್ಣನ ಬಳಗ ಲಕ್ಷಗಟ್ಟಲೆ ಬೆಳೆಯಿತು. ದ್ರೋಹಿಗಳ ವಂಶ ಮಾತ್ರ ಅಲ್ಲಿಗೇ ನಿಂತಿತು. ಹೇಗೆ ನಿಂತಿತು ಎಂಬುದೇ ನನಗೆ ತಿಳಿಯದ ಮಾತು. ನಮ್ಮೂರಿನ ಹಿಂದೂಸ್ತಾನ್ ಲೇಟೆಕ್ಸ್ ಕಾರ್ಖಾನೆ ದೇಶಕ್ಕೆ ನಿರೋಧ ಒದಗಿಸಲು ಶುರು ಮಾಡಿದ್ದು 1980ರ ದಶಕದಲ್ಲಿ. 1824ರಲ್ಲಿ ಆ ಅನುಕೂಲ ಇರಲಿಲ್ಲ.

ಮಕ್ಕಳು ಮೊಮ್ಮಕ್ಕಳು ಸಿಗದಿದ್ದರೂ ಮಲ್ಲಪ್ಪ ಶೆಟ್ಟಿಯ ಹೆಸರೇನೂ ಅಳಿದಿಲ್ಲ. ಅದೀಗ ಒಂದು ಹುದ್ದೆ. ಪಕ್ಷ ಬಿಟ್ಟು ಹೋದವನು ಮಲ್ಲಪ್ಪ ಶೆಟ್ಟಿ. ಹೋಗಿ ಸೇರಿದ ಪಕ್ಷದಲ್ಲಿ ಅವನೇ ರಾಯಣ್ಣ. ಎರಡು ವರ್ಷ ಬಿಟ್ಟು ಮರಳಿ ಬಂದರೆ ಪಟ್ಟಗಳು ಅದಲುಬದಲಾಗುತ್ತವೆ, ಫ್ಲೆಕ್ಸ್ ಮುದ್ರಿಸುವವನಿಗೆ ಎರಡು ಸಲ ದುಡಿಮೆ. ಕಿತ್ತೂರಿನ ಕೋಟೆಯ ತೋಪಿನ ಮದ್ದಿನಲ್ಲಿ ಆ ಮೊದಲ ಮಲ್ಲಪ್ಪ ಶೆಟ್ಟಿ ಏನು ಬೆರೆಸಿ ಕೆಡಿಸಿದ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ನಾನು ಸಣ್ಣವನಿದ್ದಾಗ ನೋಡಿದ ನಾಟಕದಲ್ಲಿ ಸೆಗಣಿ ಇತ್ತು, ಮುಂದೆ ನೋಡಿದ್ದರಲ್ಲಿ ಜೋಳ. ಬರಗಾಲದ ವರ್ಷದಲ್ಲಿ ಸೆಗಣಿಯನ್ನೇ ಉಳಿಸಿಕೊಂಡಿರಬೇಕು.

ಇನ್ನು ಕಥೆ ಹೇಳುವಾಗ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಮುಗಿಸಬೇಕು ಎಂಬುದರಲ್ಲಿ ನಮ್ಮವರ ಜಾಣತನಕ್ಕೆ ಕೈ ಮುಗಿಯಬೇಕು. ಕಿತ್ತೂರಿನ ಕಥೆ 1824ರಲ್ಲಿ ಶುರುವಾಗುತ್ತದೆ. 1818ರಲ್ಲಿ ಥಾಮಸ್ ಮನ್ರೋ ಪೇಶ್ವೆಯವರ ಕೈಯಿಂದ ಬೆಳಗಾವಿ ಕೋಟೆ ಕಸಿಯಲು ಮುತ್ತಿಗೆ ಹಾಕಿದಾಗ ಅವನಿಗೆ ನೆರವಾದದ್ದು ಇದೇ ಕಿತ್ತೂರು ಸಂಸ್ಥಾನ. ಪೇಶ್ವೆಯಿಂದ ಕಿತ್ತೂರಿನವರು ಕಡಿಮೆ ಉಂಡಿರಲಿಲ್ಲ. ಮಲ್ಲಸರ್ಜ ದೇಸಾಯಿಯನ್ನು ಪುಣೆಗೆ ಒಯ್ದು ಸೆರೆಯಲ್ಲಿಟ್ಟ ಸಿಟ್ಟು ಹಸಿಯಾಗಿಯೇ ಇತ್ತು. ಆಗ ಕಂಪನಿಯೇ ಅವರಿಗೆ ಆಪ್ತ. ಆ ಸಹಾಯಕ್ಕೆ ಮೆಚ್ಚಿ ಮನ್ರೋ ಸಂಸ್ಥಾನಕ್ಕೆ ಸನದು ಕೊಟ್ಟ. 1824ಕ್ಕಿಂತ ಆರೇ ವರ್ಷ ಹಿಂದಿನ ಮಾತು ಇದು. ಯಾವ ನಾಟಕದಲ್ಲೂ ಈ ಅಂಕ ನಾನು ಕಂಡಿಲ್ಲ. ಎಕ್ಸ್‌ಪ್ರೆಸ್ ಬಸ್ಸು ನಮ್ಮಂಥ ಊರು ಬಂದಾಗ ಮಾಡುವ ಹಾಗೆ ಕಥೆಯೂ 1818ರಲ್ಲಿ ನಿಲ್ಲದೆ ಭರ್ರನೆ ಹೋಗಿಬಿಡುತ್ತದೆ.

ಮುಗಿಸುವುದೂ ಹಾಗೆಯೇ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಕಿತ್ತೂರು ಉತ್ಸವ ಅಕ್ಟೋಬರ್ 23, 24, 25. ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು, ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಹೋದಳು, 1829ರಲ್ಲಿ ಅಲ್ಲೇ ತೀರಿಕೊಂಡಳು. ಡಿಸೆಂಬರಿಗೆ ಪೆಂಡಾಲು ಇಲ್ಲ. ಹೇಗೂ ಆಗ ಮದುವೆ ಸೀಸನ್ನು, ಪೆಂಡಾಲು ಸಿಗುವುದೂ ಕಷ್ಟ.

ಥ್ಯಾಕರೆಯ ಜೊತೆ ಬಂದ ಫಿರಂಗಿ ಪಡೆಯ ಹೆಸರೇ ಮದ್ರಾಸ್ ನೇಟಿವ್ ಹಾರ್ಸ್ ಆರ್ಟಿಲರಿ. ನೇಟಿವ್ ಅಂದರೆ ಈ ನೆಲದವರು. ಅಧಿಕಾರಿಗಳಷ್ಟೇ ಬಿಳಿಯರು. ನಮ್ಮ ಪೋಸ್ಟರುಗಳಲ್ಲಿ ಮಾತ್ರ ಆ ಸೈನ್ಯ ಕೊನೆಯ ಸಿಪಾಯಿಯ ತನಕ ಕೆಂಪಗೆ, ನೀಲಿ ಕಣ್ಣು.

ರಾಯಣ್ಣನ ವಿಷಯದಲ್ಲಿ ಕತ್ತರಿ ಇನ್ನೂ ಹರಿತ. ಅವನು ಶೇತಸನದಿ, ಅಂದರೆ ಊರ ಚಾಕರಿಗೆ ಬದಲಾಗಿ ಹೊಲ ಉಣ್ಣುತ್ತಿದ್ದವನು. ಕಂಪನಿ ಬಂದ ಮೇಲೆ ಆ ಹೊಲಗಳ ಲೆಕ್ಕ ಬದಲಾಯಿತು. ಬದಲಾದ ಲೆಕ್ಕವನ್ನು ಲಂಡನ್ನಿನಿಂದ ಬಂದು ಯಾರೂ ಬರೆಯಲಿಲ್ಲ. ಬರೆದ ಕೈ ಊರ ಕುಲಕರ್ಣಿಯದು, ಪಕ್ಕದಲ್ಲಿ ಕೂತು ಹೌದೆಂದ ತಲೆ ಊರ ಗೌಡನದು. ಅದಕ್ಕೇ ರಾಯಣ್ಣನ ದಂಡು 1829-30ರಲ್ಲಿ ಹುಡುಕಿ ಹುಡುಕಿ ಸುಟ್ಟದ್ದು ಬೀಡಿ, ಖಾನಾಪುರ, ಸಂಪಗಾವಿ ಸೀಮೆಯ ಕಚೇರಿಗಳನ್ನು, ದಫ್ತರುಗಳನ್ನು. ಕೊನೆಗೆ ಅವನನ್ನು ಹಿಡಿದುಕೊಟ್ಟವರೂ ಸಮುದ್ರ ದಾಟಿ ಬಂದವರಲ್ಲ. ಇದನ್ನು ಜಯಂತಿಯ ವೇದಿಕೆಯ ಮೇಲೆ ಹೇಳುವುದು ಹೇಗೆ? ಮುಂದಿನ ಸಾಲಿನ ಸೋಫಾದಲ್ಲಿ ಕೂತವರು, ಪೆಂಡಾಲಿನ ಖರ್ಚು ಕೊಟ್ಟವರು, ಊರ ದೊಡ್ಡ ಮನೆಗಳವರೇ. ಆದ್ದರಿಂದ ಭಾಷಣದಲ್ಲಿ ಗೌಡ ಕುಲಕರ್ಣಿಗಳು ಮಾಯವಾಗಿ, ರಾಯಣ್ಣ ನೇರವಾಗಿ ಬ್ರಿಟನ್ ಮೇಲೆ ಯುದ್ಧ ಸಾರುತ್ತಾನೆ. ಅವನು ಹುಟ್ಟಿದ್ದು ಆಗಸ್ಟ್ 15, ನೇಣಿಗೇರಿದ್ದು 1831ರ ಜನವರಿ 26 ಎಂಬ ಮಾತು ಬಂದಾಗ ಚಪ್ಪಾಳೆ. ಸರಕಾರಕ್ಕೂ ಸಮಾಧಾನ: ಬೇರೆ ರಜೆ ಕೊಡುವ ತಾಪತ್ರಯವಿಲ್ಲ.

ಇಷ್ಟೆಲ್ಲದರ ನಡುವೆ ನಿಜವಾದ ಹಾಡನ್ನು ಬರೆದಿಟ್ಟವರು ಯಾರು ಅಂದರೆ, ಹೇಳಲು ನಾಚಿಕೆ. ರಾಯಣ್ಣನ ಲಾವಣಿಯನ್ನು, 1857ರ ಹಲಗಲಿ ಬೇಡರ ಲಾವಣಿಯನ್ನು ಹಾಡುವವರ ಬಾಯಿಂದ ಬರೆಸಿ, 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದ ಸಮೇತ ಅಚ್ಚು ಹಾಕಿಸಿದವನು ಮುಂಬಯಿ ಸರಕಾರದ ಅಧಿಕಾರಿ, ಜಾನ್ ಫೇಯ್ತ್‌ಫುಲ್ ಫ್ಲೀಟ್. ನೇಣು ಹಾಕಿದ ಸರಕಾರದ ಸಂಬಳ ಉಂಡು ನೇಣಿಗೇರಿದವನ ಹಾಡು ಉಳಿಸಿದ. ಅವನ ನಡುವಿನ ಹೆಸರಿನ ಅರ್ಥ ನಂಬಿಗಸ್ತ. ಕಿತ್ತೂರಿನಲ್ಲಿ ನಮ್ಮವರ ಕೈಗೆ ಸೆರೆ ಸಿಕ್ಕ ವಾಲ್ಟರ್ ಎಲಿಯಟ್ ಎಂಬ ಹುಡುಗ ಅಧಿಕಾರಿಯೂ ಮುಂದೆ ಇದೇ ಸೀಮೆಯ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿಟ್ಟ. ಸೆರೆಯಲ್ಲಿ ಊಟ ಚೆನ್ನಾಗಿ ಸಿಕ್ಕಿರಬೇಕು. ನಮ್ಮ ಮನೆಗಳಲ್ಲಿ ಏನು ಉಳಿದಿದೆ ಎಂದು ಹುಡುಕಿದರೆ ಹೊಲದ ಉತಾರ, ಅದರ ಮೇಲೆ ದಾಯಾದಿಗಳ ದಾವೆ.

ದಾವೆ ಅಂದಾಗ ನೆನಪಾಯಿತು, ನಮ್ಮಲ್ಲಿ ಇನ್ನೊಂದು ನಡೆಯುತ್ತಿದೆ. ಕಣಗಲಾದಿಂದ ನಿಪ್ಪಾಣಿ ದಾಟಿದರೆ ಕೊಗನೊಳ್ಳಿ, ಅಲ್ಲಿಂದಾಚೆ ಮಹಾರಾಷ್ಟ್ರ. ಬೆಳಗಾವಿಯಲ್ಲಿ ನವೆಂಬರ್ 1ರಂದು ಒಂದು ಓಣಿಯಲ್ಲಿ ರಾಜ್ಯೋತ್ಸವದ ಡಿಜೆ, ಇನ್ನೊಂದು ಓಣಿಯಲ್ಲಿ ಕರಾಳ ದಿನದ ಕಪ್ಪು ಪಟ್ಟಿ. ಶ್ರೀಲಂಕೆಯಲ್ಲೂ ಹೀಗೇ. 2009ರ ಮೇ ತಿಂಗಳನ್ನು ಒಂದು ಕಡೆಯವರು ವಿಜಯವೆಂದು ನೆನೆದರೆ, ಇನ್ನೊಂದು ಕಡೆಯವರು ಮುಳ್ಳಿವಾಯ್ಕಾಲಿನಲ್ಲಿ ಸತ್ತವರ ಹೆಸರಿನಲ್ಲಿ ಗಂಜಿ ಕುಡಿಯುತ್ತಾರೆ. ಆದರೆ ಅಲ್ಲಿ ನಡೆದದ್ದು ಅಂತರ್ಯುದ್ಧ. ನಮ್ಮಲ್ಲಿ ನಡೆಯುವುದು ಬರೀ ಗಡಿ ತಂಟೆ, ಹೋಲಿಸಬಾರದು.

ನಮ್ಮ ತಂಟೆಯಲ್ಲಿ ಎರಡೂ ಕಡೆಯವರಿಗೆ ಒಂದೊಂದು ಪುಟ ಓದಲು ಮನಸ್ಸಿಲ್ಲ. ಮೊದಲು ಆ ಕಡೆಯದು, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವವರದು. ಪ್ರತಿ ಜನವರಿ 17ರಂದು ಹುತಾತ್ಮ ದಿನ ಆಚರಿಸಿ ಕರ್ನಾಟಕಕ್ಕೆ ಧಿಕ್ಕಾರ ಕೂಗುತ್ತಾರೆ. ಬೆಳಗಾವಿ ಮೈಸೂರಿಗೆ ಹೋಗುತ್ತದೆಂಬ ಸುದ್ದಿಗೆ 1956ರ ಆ ದಿನ ಜನ ಬೀದಿಗಿಳಿದರು, ಗೋಲಿಬಾರಿನಲ್ಲಿ ಸತ್ತರು. ಸತ್ತವರು ಬಡ ಮನೆಯ ಮಕ್ಕಳು, ಅವರ ಬಗ್ಗೆ ಚೇಷ್ಟೆ ಮಾಡುವ ನಾಲಿಗೆ ನನ್ನದಲ್ಲ. ನನ್ನ ಪ್ರಶ್ನೆ ಬಂದೂಕಿನ ಬಗ್ಗೆ. 1956ರ ಜನವರಿಯಲ್ಲಿ ಬೆಳಗಾವಿ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಪೊಲೀಸರು ಮುಂಬಯಿಯವರು, ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಮೈಸೂರು ರಾಜ್ಯಕ್ಕೆ ಈ ಜಿಲ್ಲೆ ಬಂದದ್ದು ಒಂಬತ್ತು ತಿಂಗಳ ಮೇಲೆ, ನವೆಂಬರಿನಲ್ಲಿ. ಗುಂಡು ಹಾರಿಸಿದ್ದು ಮುಂಬಯಿ, ಧಿಕ್ಕಾರ ಬೆಂಗಳೂರಿಗೆ.

ಈಗ ಈ ಕಡೆಯದು. ನಮ್ಮ ವೀರರ ಘೋಷಣೆ ಒಂದೇ: ಮಹಾಜನ ವರದಿಯೇ ಅಂತಿಮ. ಸೇನಾಪತಿ ಬಾಪಟರು ಉಪವಾಸ ಕೂತು, ಮಹಾರಾಷ್ಟ್ರದವರು ಹಟ ಹಿಡಿದು 1966ರಲ್ಲಿ ಮಾಡಿಸಿಕೊಂಡ ಆಯೋಗ ಅದು. ಮರುವರ್ಷ ವರದಿ ಬಂದಾಗ ಬೆಳಗಾವಿ ನಗರ ಕೊಡಲಿಲ್ಲವೆಂದು ಅವರೇ ಬೇಡವೆಂದರು. ನಾವು ಎತ್ತಿಕೊಂಡು ಎದೆಗೊತ್ತಿಕೊಂಡೆವು, ಬಿಚ್ಚಿ ಓದಲಿಲ್ಲ. ಓದಿದ್ದರೆ ಮಹಾರಾಷ್ಟ್ರಕ್ಕೆ ಕೊಡಬೇಕೆಂದ 264 ಊರುಗಳ ಪಟ್ಟಿ ಕಾಣುತ್ತಿತ್ತು. ಅದರಲ್ಲಿ ನಿಪ್ಪಾಣಿ ಇದೆ, ಖಾನಾಪುರ ಇದೆ, ನಂದಗಡವೂ ಇದೆ. ಹೌದು, ಅದೇ ನಂದಗಡ. ರಾಯಣ್ಣನನ್ನು ನೇಣಿಗೇರಿಸಿದ, ಅವನ ಸಮಾಧಿಯ ಮೇಲೆ ಆಲದ ಮರ ನಿಂತಿರುವ, ಮಕ್ಕಳಾಗದವರು ಬಂದು ಆ ಮರಕ್ಕೆ ತೊಟ್ಟಿಲು ಕಟ್ಟುವ ನಂದಗಡ. ನಮ್ಮ ಘೋಷಣೆಯನ್ನು ದಿಲ್ಲಿ ಒಂದು ದಿನ ಕಿವಿಗೆ ಹಾಕಿಕೊಂಡರೆ ರಾಯಣ್ಣ ಮಲಗಿದಲ್ಲಿಂದಲೇ ಮಹಾರಾಷ್ಟ್ರದ ಮತದಾರನಾಗುತ್ತಾನೆ. ಈ ಮಾತನ್ನು ಒಮ್ಮೆ ಕೊರಳಲ್ಲಿ ಶಾಲು ಹಾಕಿದ ತರುಣನೊಬ್ಬನಿಗೆ ಹೇಳಿದೆ. ಅವ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಕಾಕಾ, ನೀವು ಯಾ ಕಡೆಯವ್ರಿ?" ಅಂದ. ಆ ದಿನ ನನಗೂ ಮೊಮ್ಮಕ್ಕಳಿಲ್ಲ ಎಂದುಕೊಂಡೆ.

ಮೂರ್ತಿಗಳ ಕಥೆ ಹೇಳುವಷ್ಟು ಹೊಸದಲ್ಲ. 2020ರ ಆಗಸ್ಟಿನಲ್ಲಿ ಪೀರನವಾಡಿಯಲ್ಲಿ ರಾತ್ರೋರಾತ್ರಿ ರಾಯಣ್ಣ ಎದ್ದು ನಿಂತ, ಲಾಠಿ ಎದ್ದವು, ಕೊನೆಗೆ ವೃತ್ತಕ್ಕೆ ಶಿವಾಜಿಯ ಹೆಸರು, ನಿಲ್ಲುವ ಜಾಗ ರಾಯಣ್ಣನದು ಎಂದು ರಾಜಿಯಾಯಿತು. ಮರುವರ್ಷ ಡಿಸೆಂಬರಿನಲ್ಲಿ ಬೆಂಗಳೂರಿನ ಶಿವಾಜಿಗೆ ಮಸಿ, ಬೆಳಗಾವಿಯ ರಾಯಣ್ಣನಿಗೆ ಪೆಟ್ಟು. ಒಬ್ಬ ತೀರಿದ 151 ವರ್ಷಕ್ಕೆ ಇನ್ನೊಬ್ಬ ನೇಣಿಗೇರಿದ. ಮುಖ ಪರಿಚಯವೂ ಇಲ್ಲದ ಇಬ್ಬರ ನಡುವೆ ನಾವು ಹೊಡೆದಾಟ ಹಚ್ಚಿದೆವು. ಶಿವಾಜಿಯ ದಂಡಿನ ಜೊತೆ ನಿಜವಾಗಿ ಕಾದಿದವಳು ಬೆಳವಡಿ ಮಲ್ಲಮ್ಮ. ಕಾದಾಟ ಮುಗಿದ ಮೇಲೆ ಅವಳು ಅದೇ ಶಿವಾಜಿಯ ಮೂರ್ತಿಯನ್ನು ಕಲ್ಲಿನಲ್ಲಿ ಕಡೆಸಿದಳೆಂದು ಯಾದವಾಡದಲ್ಲಿ ಇಂದಿಗೂ ಆ ಕಲ್ಲು ತೋರಿಸುತ್ತಾರೆ. ನಮ್ಮ ಮೂಡಲಗಿಯ ಯಾದವಾಡ ಅಲ್ಲ, ಧಾರವಾಡದ್ದು. ಆ ಕಾಲಕ್ಕೆ ಮಸಿ ಸಿಗುತ್ತಿರಲಿಲ್ಲವೇನೋ.

2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಭಾಷೆಯ ಮಾತಿಗೆ ಕಂಡಕ್ಟರನೊಬ್ಬನಿಗೆ ಹೊಡೆದರು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಡ್ರೈವರನ ಮುಖಕ್ಕೆ ಮಸಿ ಬಳಿದರು. ಬಸ್ಸುಗಳು ಗಡಿಯಲ್ಲಿ ನಿಂತವು. ಕಥೆಗಳು ನಿಲ್ಲಲಿಲ್ಲ. ಸಂಕೇಶ್ವರದಲ್ಲಿ ಕೇಳಿದ ಕಥೆಯಲ್ಲಿ ಹೊಡೆದವರು ಐವತ್ತು ಮಂದಿ, ಗಡಹಿಂಗ್ಲಜದ ಬೀಗರು ಫೋನಿನಲ್ಲಿ ಹೇಳಿದ ಕಥೆಯಲ್ಲಿ ಮಸಿ ಬಳಿದವರು ಇನ್ನೂರು. ನಡುವಿನ ದಾರಿ ಒಂದು ತಾಸೂ ಇಲ್ಲ. ಆ ವಾರವೂ ಅಲ್ಲಿಯ ಹೊಲದ ಮೆಣಸಿನಕಾಯಿ ಸಂಕೇಶ್ವರಿ ಎಂದು ನಮ್ಮ ಕಡೆಯ ಊರಿನ ಹೆಸರಿನಲ್ಲೇ ಪೇಟೆಗೆ ಬಂತು, ರೊಟ್ಟಿಗೆ ಹಚ್ಚಿಕೊಂಡು ಎರಡೂ ಕಡೆ ಬಾಯಿ ಉರಿಸಿಕೊಂಡರು.

ನನ್ನ ಮೊಮ್ಮಗನ ಶಾಲೆಯ ಗ್ಯಾದರಿಂಗಿಗೆ ಈ ಸಲ ಕಿತ್ತೂರಿನ ನಾಟಕ. ಅದು ಯಾವ ಶಾಲೆ ಎಂಬುದು ಬೇಡ, ಎಲ್ಲ ಶಾಲೆಯಲ್ಲೂ ಆಗುವ ಮಾತು. ಚೆನ್ನಮ್ಮನ ಪಾತ್ರ ಶಾಲೆಗೆ ಕಂಪ್ಯೂಟರ್ ಕೊಟ್ಟವರ ಮಗಳಿಗೆ ಹೋಯಿತು. ಥ್ಯಾಕರೆ ಯಾರಾಗುತ್ತೀರಿ ಅಂದಾಗ ಏಳು ಕೈ ಎದ್ದವಂತೆ. ಕೋಟು, ಟೋಪಿ, ಬೂಟು, ಸತ್ತು ಬೀಳುವಾಗ ದೊಡ್ಡ ಸಪ್ಪಳ. ಮಲ್ಲಪ್ಪ ಶೆಟ್ಟಿ ಅಂದಾಗ ತರಗತಿ ಸುಮ್ಮನಾಯಿತು. ಚೀಟಿ ಎತ್ತಿದರು. ಚೀಟಿ ಬಂದ ಹುಡುಗನ ಅವ್ವ ಮರುದಿನ ಮುಂಜಾನೆಯೇ ಶಾಲೆಗೆ ಹೋಗಿ, "ನಮ್ಮ ಮನಿತನದಾಗ ಅಂಥಾವ್ರು ಯಾರೂ ಇಲ್ಲರಿ ಸರ" ಎಂದು ಕಣ್ಣೀರು ಹಾಕಿದಳು. ಎರಡನೆಯ ಚೀಟಿಯ ಹುಡುಗನ ಅಪ್ಪ ಗ್ರಾಮ ಪಂಚಾಯಿತಿ ಸದಸ್ಯ, ಅವರು ಫೋನ್ ಮಾಡಿಸಿದರು. ಮೂರನೆಯ ಚೀಟಿ ಎತ್ತುವ ಧೈರ್ಯ ಸರಿಗೆ ಬರಲಿಲ್ಲ, ಆ ಪಾತ್ರವನ್ನೇ ತೆಗೆದು ಹಾಕಿದರು. ದ್ರೋಹಿ ಇಲ್ಲದ ಮೇಲೆ ಕೋಟೆ ಬೀಳುವುದಾದರೂ ಯಾಕೆ? ನಾಟಕ ಅಕ್ಟೋಬರಿನಲ್ಲೇ ಮುಗಿಯಿತು, ಡಿಸೆಂಬರ್ ಬರಲೇ ಇಲ್ಲ. ಜಯಘೋಷ, ಗುಲಾಲು, ಪರದೆ.

ನನ್ನ ಮೊಮ್ಮಗನದು ಕಂಪನಿ ಸಿಪಾಯಿಯ ಪಾತ್ರ. ಎಂಟು ಹುಡುಗರನ್ನು ಸಾಲಾಗಿ ಕೂರಿಸಿ, ಇಂಗ್ಲಿಷರ ಹಾಗೆ ಕಾಣಲಿ ಎಂದು ಎರಡು ಡಬ್ಬಿ ಪೌಡರು ಸುರಿದಿದ್ದರು. ಮುಗಿದ ಮೇಲೆ ಬೆವರು ಇಳಿದು ಗಲ್ಲದ ಮೇಲೆ ಕಪ್ಪು ಗೆರೆ ಮೂಡಿಸಿಕೊಂಡು ನನ್ನ ಹತ್ತಿರ ಬಂದ.

"ಅಜ್ಜಾ, ಸಿಪಾಯಿ ಅಂದ್ರ ನಮ್ಮವ್ರೇ ಇದ್ರು ಅಂತ ನೀ ಹೇಳಿದ್ದಿ. ಮತ್ತ ಪೌಡರ್ ಯಾಕ ಹಚ್ಚಿದ್ರ?"

"ನಿಮ್ಮ ಸರಿಗೆ ಕೇಳಬೇಕಿತ್ತು."

"ಕೇಳಿದೆ. ಪೌಡರ್ ಹಚ್ಚಲಿಲ್ಲಂದ್ರ ಯಾರು ಯಾ ಕಡೆ ಅಂತ ಮಂದಿಗೆ ಗೊತ್ತಾಗೂದಿಲ್ಲ ಅಂದ್ರು."

ಕರವಸ್ತ್ರ ಕೊಟ್ಟೆ. "ಮಾರಿ ತೊಳಕೊಂಡ ಬಾ. ಕಡೀ ಬಸ್ ಬರೂ ಹೊತ್ತಾತು."