ನಮ್ಮ ಸೂರು, ಊರ ಉಸಾಬರಿ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಸ್ವಂತ ಮನೆ ಇರುವವನು ಸ್ವಂತ ಕೈಯಲ್ಲಿ ಕೆಲಸ ಮಾಡಬಾರದು. ಹಾಗಂತ ಕಾನೂನೇನೂ ಇಲ್ಲ, ಬೀದಿ ಒಪ್ಪುವುದಿಲ್ಲ, ಅಷ್ಟೆ. ಬಾಗಿಲಲ್ಲಿ ನಿಂತು ಕೂಗಿದರೆ ಬಡಗಿ, ವೆಲ್ಡಿಂಗ್‌ನವನು, ಗಾರೆ ಮೇಸ್ತ್ರಿ, ನಲ್ಲಿ ರಿಪೇರಿಯವನು ಎಲ್ಲರೂ "ಬಂದೆ ಸಾರ್" ಅನ್ನುತ್ತಾರೆ. (ಬರುವುದು ಬೇರೆ ಮಾತು.) ಇಂಥ ಕಡೆ ನನ್ನಂಥ ಪಿಂಚಣಿದಾರ ಏಣಿ ಹತ್ತಿದನೆಂದರೆ ಜನಕ್ಕೆ ತೋಚುವುದು ಎರಡೇ ಕಾರಣ: ಪಿಂಚಣಿ ನಿಂತುಹೋಗಿದೆ, ಇಲ್ಲವೇ ಮನುಷ್ಯ ಕಡುಜಿಪುಣ.

ಏಣಿ ಹತ್ತಿಸಿದ್ದು ಕಾರ್ ಶೆಡ್ಡು. ಅದರೊಳಗೆ ಕಾರು ನಿಂತಿದ್ದು ನಮ್ಮಪ್ಪನ ಕಾಲದಲ್ಲಿ. ಈಗ ಸ್ಕೂಟರು, ಒಂದು ಕಾಲಿಲ್ಲದ ತೊಟ್ಟಿಲು, ಅಕ್ಕನ ಮದುವೆಗೆ ತಂದ ಹಂಡೆ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈಗೊಂಚಲು ಅಲ್ಲಿ ವಾಸವಾಗಿವೆ. ಮೇಲೆ ಮದ್ರಾಸ್ ತಾರಸಿ. ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ಒತ್ತಾಗಿ ನಿಲ್ಲಿಸಿ, ಸುಣ್ಣದ ಗಾರೆ ಸುರಿದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಕಟ್ಟಿದ ಸೂರು. ಹಾಗೇ ಬಿಟ್ಟಿದ್ದರೆ ಇನ್ನೂ ಒಂದು ತಲೆಮಾರು ಬಾಳುತ್ತಿತ್ತೋ ಏನೋ. ನಡುವೆ ಯಾರೋ ಪುಣ್ಯಾತ್ಮರು ಸೋರಬಾರದೆಂದು ಅದರ ಮೇಲೆ ಸಿಮೆಂಟು ಬಳಿಸಿದರು. ಸಿಮೆಂಟು ಬಿಸಿಲಿಗೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರಿಗೆ ಆವಿಯಾಗಿ ಹೋಗಲು ದಾರಿ ಸಿಗಲಿಲ್ಲ. ಗೋಡೆಯೊಳಗೆ ಹುದುಗಿದ್ದ ಜಂತಿಯ ತುದಿಗಳು ಒದ್ದೆಯಲ್ಲೇ ಕೊಳೆತವು.

ಆ ಸೂರಿನ ಮೇಲೆ ಬೀಳುವ ನೀರಿನ ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಶೆಡ್ಡು ಹತ್ತಡಿಗೆ ಹದಿನೈದಡಿ, ಅಂದರೆ ಸುಮಾರು 14 ಚದರ ಮೀಟರ್. ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಗುಣಿಸಿದರೆ 11,000 ಲೀಟರ್ ದಾಟುತ್ತದೆ. "ಹೆಚ್ಚುಕಡಿಮೆ ಎರಡು ಟ್ಯಾಂಕರ್ ಕಣೇ" ಎಂದೆ. "ಸದ್ಯ, ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸೋದು ತಪ್ಪಿತು ಬಿಡಿ" ಎಂದಳು ಮನೆಯಾಕೆ.

ನಾನೇ ಏಣಿ ಹತ್ತುವ ಹುಚ್ಚು ಹತ್ತಿಸಿದವನು ನ್ಯೂಜೆರ್ಸಿಯಲ್ಲಿರುವ ಮಗ. ತನ್ನ ಗ್ಯಾರೇಜಿನ ಚಪ್ಪಟೆ ಸೂರನ್ನು ತಾನೇ ಕಿತ್ತು, ಪ್ಲೈವುಡ್ ಹಾಸಿ, ರಬ್ಬರ್ ಹಾಳೆ ಅಂಟಿಸಿ, ಅದರ ಮೇಲೆ ನಿಂತು ಫೋಟೋ ಕಳಿಸಿದ್ದ. ಅಲ್ಲಿಯ ಕೂಲಿ ಕೇಳಿದರೆ ಸೂರಿಗಿಂತ ಮೊದಲು ಎದೆ ಬಿರಿಯುತ್ತದಂತೆ. ಅವನದು ಅನಿವಾರ್ಯ, ನನ್ನದು ಚಪಲ.

ಭಾವಮೈದುನನನ್ನು ಕರೆಸಿಕೊಂಡು, ಜಂತಿಗಳ ಮೇಲೆ ಹಲಗೆ ಹಾಸಿ ಕೂತು, ಮೊದಲ ಇಟ್ಟಿಗೆ ಎಬ್ಬಿಸಿದ್ದೇ ತಡ, ಕೆಳಗೆ ಸಭೆ ನೆರೆಯಿತು.

"ಏನ್ ಸಾರ್, ಕೆಲಸದೋರು ಸಿಗ್ಲಿಲ್ವಾ?"

"ಸಿಕ್ತಾರೆ, ನಾನೇ ಮಾಡೋಣ ಅಂತ."

"ಅಯ್ಯೋ ಪಾಪ."

2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದ ಮೇಲೆ ಹಳೇ ಗಾರೆಯ ವಿಷಯದಲ್ಲಿ ನಮ್ಮೂರಿನವರೆಲ್ಲ ಅರ್ಧ ಇಂಜಿನಿಯರುಗಳು. ಒಬ್ಬರು ಕೆಡವಬೇಡಿ, ಪಾರಂಪರಿಕ ಅಂದರು. ಇನ್ನೊಬ್ಬರು ಮನೆಯನ್ನೂ ಸೇರಿಸಿ ಕೆಡವಿ ಅಂದರು. ಹಳೇ ಮರದ ವ್ಯಾಪಾರಿಯೊಬ್ಬರು ಮಾತಾಡದೆ ಬಂದು, ಕೆಳಗಿಳಿಸಿದ ಜಂತಿಯನ್ನು ಉಗುರಿನಿಂದ ಗೀರಿ, ಮೂಸಿ, "ತೇಗ" ಎಂದರು. ಕೊಳೆತ ತುದಿ ಬಿಟ್ಟು ಉಳಿದದ್ದಕ್ಕೆ ಅವರು ಹೇಳಿದ ಬೆಲೆಯಲ್ಲಿ ಹೊಸ ಸೂರಿನ ಶೀಟುಗಳ ಖರ್ಚೆಲ್ಲ ಬಂತು. ಬೀದಿಯ ಗಾರೆ ಮೇಸ್ತ್ರಿಗೆ ಮಾತ್ರ ತನ್ನನ್ನು ಕರೆಯಲಿಲ್ಲವೆಂಬ ಸಿಟ್ಟು ಇಳಿಯಲಿಲ್ಲ. "ನಾನು ಕಚೇರಿಗೆ ಬಂದು ನಿಮ್ಮ ಫೈಲು ಬರೆದಿದ್ನಾ ಸ್ವಾಮಿ?" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಹೊಸ ಸೂರನ್ನು ಚಪ್ಪಟೆ ಮಾಡಲಿಲ್ಲ. ಹಿಂದಿನ ಗೋಡೆಯನ್ನು ಎರಡು ವರಸೆ ಏರಿಸಿ, ಕಬ್ಬಿಣದ ಪೈಪು ಕೂರಿಸಿ, ಇಳಿಜಾರಾಗಿ ತಗಡಿನ ಶೀಟು ಹೊದಿಸಿದ್ದು. ಶೀಟಿನ ಕೆಲಸದಲ್ಲಿ ಗುಟ್ಟು ಇರುವುದು ತಿರುಪಿನಲ್ಲಿ. ಅಲೆಯಲೆಯ ಶೀಟಿನ ಉಬ್ಬಿನ ಮೇಲೆ ತಿರುಪು ಕೂರಬೇಕು. ತಗ್ಗಿನಲ್ಲಿ ಕೂರಿಸಿದರೆ ಹರಿಯುವ ನೀರಿಗೆ ನಾವೇ ತೂತು ಕೊರೆದು ಕೊಟ್ಟಂತೆ. ತಲೆಯಡಿಯ ರಬ್ಬರ್ ವಾಷರನ್ನು ಹದವಾಗಿ ಒತ್ತಬೇಕು. ಸಡಿಲ ಬಿಟ್ಟರೆ ಸೋರುತ್ತದೆ. ಬಿಗಿ ಹೆಚ್ಚಾದರೆ ವಾಷರು ಹೊರಕ್ಕೆ ಚಪ್ಪಟೆಯಾಗಿ ಹರಿಯುತ್ತದೆ, ಆಗಲೂ ಸೋರುತ್ತದೆ. ಇದನ್ನು ಅಂಗಡಿಯ ಹುಡುಗ ಕಾಗದದ ಮೇಲೆ ಬರೆದು ತೋರಿಸಿದ್ದ. ಕೆಳಗಿನ ಸಭೆ ಒಪ್ಪಲಿಲ್ಲ. "ತಗ್ಗಲ್ಲಿ ಹೊಡೀರಿ ಸಾರ್, ಗಟ್ಟಿ ಹಿಡ್ಕೊಳುತ್ತೆ!" ಎಂದು ಒಂದೇ ಕಂಠದಲ್ಲಿ ಕೂಗಿತು. ಆ ಎತ್ತರದಿಂದ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳು ಕಾಣುತ್ತವೆ, 175 ಅಡಿ. 1933ರಲ್ಲಿ ಅಡಿಗಲ್ಲು ಬಿದ್ದ ಆ ಕೆಲಸಕ್ಕೂ ಕೆಳಗೆ ನಿಂತು "ಸ್ವಲ್ಪ ಎಡಕ್ಕೆ" ಎಂದವರು ಲಷ್ಕರ್ ಮೊಹಲ್ಲಾದಲ್ಲಿ ಇರದೇ ಇದ್ದಾರೆಯೇ?

ಮುಂಗಾರಿಗೆ ಮೊದಲ ಗುಡುಗು ಮಳೆ ಸಂಜೆ ಹೊತ್ತು ಬಂತು. ಛತ್ರಿ ಹಿಡಿದು ಮೇಸ್ತ್ರಿಯೂ ಬಂದ. ಶೆಡ್ಡಿನ ನಡುವೆ ನಿಂತು ಕತ್ತೆತ್ತಿ ಮೂಲೆಮೂಲೆ ನೋಡಿದ, ಗೋಡೆ ಸವರಿ ಅಂಗೈ ನೋಡಿಕೊಂಡ. ಒಣಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಬೆರಳು ಮೇಲೆ ಮಾಡಿ, ಬಹಳ ಹೊತ್ತು ಏನೇನೋ ಹೇಳಿದ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ನನಗೆ ಒಂದು ಮಾತೂ ಕೇಳಿಸಲಿಲ್ಲ. ತಲೆಯಾಡಿಸುತ್ತ ನಿಂತೆ.