ಇಪ್ಪತ್ತೈದು ಡಿಗ್ರಿಯ ಸಂಭ್ರಮ

ಐರ್ಲೆಂಡಿನಲ್ಲಿ ಒಂದೇ ಜಾಗದಲ್ಲಿ ಸತತ ಐದು ದಿನ ಉಷ್ಣಾಂಶ 25 ಡಿಗ್ರಿ ದಾಟಿದರೆ ಅಲ್ಲಿಯ ಹವಾಮಾನ ಇಲಾಖೆ ಅದಕ್ಕೆ ಬಿಸಿಗಾಳಿಯ ಪಟ್ಟ ಕಟ್ಟುತ್ತದೆ. ಈ ಸುದ್ದಿ ಓದಿ ರಾಯಚೂರಿನವರು ನಕ್ಕರೆ ತಪ್ಪು ಹಿಡಿಯುವಂತಿಲ್ಲ. ಮೇ ತಿಂಗಳ ಉರಿಯಲ್ಲಿ ಮದುವೆ ಪಂಕ್ತಿಗೆ ಕೂತು ಬಿಸಿಬಿಸಿ ಸಾರು ಹಾಕಿಸಿಕೊಂಡು ಸುರಿಯುವ ಜನ ಅವರು. ಬೆಂಗಳೂರಿನವರ ಸಂಗತಿ ಇನ್ನೂ ತಮಾಷೆ. ಅಲ್ಲಿ ಡಿಸೆಂಬರಿನ ಮಧ್ಯಾಹ್ನವೂ 25 ಡಿಗ್ರಿ ದಾಟುವುದುಂಟು, ಆದರೂ ಮಂಕಿ ಕ್ಯಾಪು ತಲೆ ಬಿಟ್ಟು ಇಳಿಯುವುದಿಲ್ಲ. ಅದೇ 25ಕ್ಕೆ ಐರಿಷರು ಅಂಗಿ ಕಳಚಿ, ಆಫೀಸಿಗೆ ಏನೋ ಒಂದು ನೆಪ ಹೇಳಿ, ಬೆಟ್ಟಕ್ಕೋ ಸರೋವರಕ್ಕೋ ಓಡುತ್ತಾರೆ. ನೋಡುವವರಿಗೆ ಇದು ಹುಚ್ಚಾಟ. ನನ್ನ ಮಟ್ಟಿಗೆ, ಇವರಷ್ಟು ಲೆಕ್ಕಾಚಾರದ ಜನ ಸಿಗುವುದು ಕಷ್ಟ.

ಲೆಕ್ಕ ಹೀಗಿದೆ. ಆ ದೇಶದ ಪೂರ್ವ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 150 ದಿನ ಮಳೆ, ಪಶ್ಚಿಮದ ಕೆಲವು ಕಡೆ ಸುಮಾರು 225 ದಿನ. ಹಾಗೆ ಮಳೆ ಬೀಳದ ದಿನವೂ ಬಿಸಿಲು ಬಂದೇ ಬರುತ್ತದೆ ಅನ್ನುವ ಖಾತ್ರಿಯಿಲ್ಲ. ಮೋಡ ಬಂದು ಕೂತರೆ ಕೂತಿತು. ಕೆರ್ರಿ ಸೀಮೆಯಲ್ಲಿ ಬೆಟ್ಟವಿದೆ ಎಂಬುದನ್ನು ಎಷ್ಟೋ ದಿನ ನಕ್ಷೆ ನೋಡಿಯೇ ನಂಬಬೇಕು. ಪ್ರವಾಸಿ ಪುಸ್ತಿಕೆಗಳಲ್ಲಿ ಹೊಳೆಯುವ ನೀಲಿ ಆಕಾಶವನ್ನೆಲ್ಲ ಆ ಐದು ದಿನಗಳಲ್ಲೇ ಹಿಡಿದಿಟ್ಟಿರಬೇಕೆಂದು ನನ್ನ ಗುಮಾನಿ. ನೆಲದ ಕಥೆಯೂ ಅದೇ. ಇಳಿಜಾರಿನ ತುಂಬ ಪೀಟ್ ಎಂಬ ಕಪ್ಪು ಜೌಗು. ಸಾಮಾನ್ಯ ದಿನ ಕಾಲಿಟ್ಟರೆ ಪಾದ ಮುಳುಗಿ, ಎತ್ತುವಾಗ ಬೂಟು ಒಳಗೇ ಉಳಿಯುವ ಜಾತಿಯದು. ವಾರಗಟ್ಟಲೆ ಒಣ ಹವೆ ಇದ್ದಾಗ ಮಾತ್ರ ಅದರ ಮೈ ಬಿಗಿದು ನಡೆಯುವ ದಾರಿಯಾಗುತ್ತದೆ. ಹೀಗೆ ಬೆಟ್ಟ ಕಾಣುವ, ಕಂಡದ್ದನ್ನು ಹತ್ತಲೂ ಬರುವ ದಿನಗಳು ಕೆಲವೇ ಇರುವಾಗ, ಆ ದಿನ ಕಡತ ನೋಡುತ್ತ ಕೂರುವವನನ್ನು ಬುದ್ಧಿವಂತ ಎನ್ನಬೇಕೇ?

ಬೆಟ್ಟವೇನು ಮಹಾ ಎತ್ತರ ಎಂದು ಮೂಗು ಮುರಿಯುವವರಿದ್ದಾರೆ. ಒಪ್ಪೋಣ. ದೇಶದ ಅತಿ ಎತ್ತರದ ಶಿಖರ ಕ್ಯಾರಂಟೂಹಿಲ್ 1,038 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಸೊಂಟಕ್ಕೆ ತುಸು ಮೇಲೆ. ಡಬ್ಲಿನ್ನಿನ ದಕ್ಷಿಣಕ್ಕಿರುವ ಲಗ್ನಾಕ್ವಿಲ್ಲಾ 925 ಮೀಟರ್. ಅಂದರೆ ಅಲ್ಲಿ ಏದುಸಿರು ಬಿಡುತ್ತ ತುದಿ ಮುಟ್ಟಿದವನು, ಸಮುದ್ರಮಟ್ಟದ ಲೆಕ್ಕದಲ್ಲಿ, ಹೆಚ್ಚುಕಡಿಮೆ ಮೆಜೆಸ್ಟಿಕ್ ಬಸ್ ನಿಲ್ದಾಣ ತಲುಪಿದಂತಾಯಿತು. ಆದರೆ ಮೆಜೆಸ್ಟಿಕ್ಕಿಗೆ ಯಾರೂ ಮಂಗಳೂರಿನಿಂದ ನಡೆದು ಬರುವುದಿಲ್ಲ. ಕ್ಯಾರಂಟೂಹಿಲ್ಲಿಗೆ ಹೊರಡುವುದು ಸಮುದ್ರಮಟ್ಟದ ಹತ್ತಿರದಿಂದಲೇ. ಹ್ಯಾಗ್ಸ್ ಗ್ಲೆನ್ ಕಣಿವೆಯಲ್ಲಿ ಗೌರಾ, ಕ್ಯಾಲೀ ಎಂಬ ಎರಡು ಸರೋವರಗಳ ನಡುವೆ ಹಾದು, 'ದೆವ್ವದ ಏಣಿ' ಎಂಬ ಸಡಿಲ ಕಲ್ಲುಗಳ ಕೊರಕಲಿನಲ್ಲಿ ಕೈಕಾಲು ಎರಡನ್ನೂ ಬಳಸಿ ಹತ್ತಬೇಕು. ನಂದಿಬೆಟ್ಟದ ತುದಿಯವರೆಗೆ ಕಾರಿನಲ್ಲಿ ಹೋಗಿ ಬೋಂಡಾ ತಿಂದು ಇಳಿದವರಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕು ಕಡಿಮೆ.

ಇಳಿದು ಬಂದಮೇಲೆ ನೀರು. ಪೀಟ್ ನೆಲದ ಸರೋವರಗಳಲ್ಲಿ ನೀರಿಗೆ ಹಾಲು ಹಾಕದ ಚಹಾದ ಬಣ್ಣ. ಕೊಳಕಿಲ್ಲ, ಜೌಗಿನಿಂದ ಬಸಿದ ಕಂದು ಅಷ್ಟೇ. ಮೊಣಕಾಲವರೆಗೆ ಇಳಿದರೆ ಬಿಳಿಚಿಕೊಂಡ ಕಾಲುಗಳೂ ತಾಮ್ರದವಾಗುತ್ತವೆ. ಬಿಸಿಲು ಬೆಚ್ಚಗಾಗಿಸುವುದು ಮೇಲಿನ ಪದರವನ್ನು ಮಾತ್ರ. ಎದೆಮಟ್ಟ ಹೋದವನ ಹೆಗಲು ಜುಲೈ ತಿಂಗಳಲ್ಲಿರುತ್ತದೆ, ಹೆಬ್ಬೆರಳು ಫೆಬ್ರವರಿಯಲ್ಲಿ. ಗಾಳಿ ನಿಂತ ಸಂಜೆ ಕಚ್ಚುವ ನೊರಜುಗಳು ಮೈಗೆ ಮುತ್ತುತ್ತವೆ, ನಿಜ. ಕತ್ತಿನವರೆಗೆ ನೀರಿನಲ್ಲಿರಲು ಅದೂ ಒಂದು ಕಾರಣವಾಯಿತು.

ಮನೆಯಲ್ಲೇ ತಣ್ಣಗೆ ಕೂರಬಾರದೇ ಎಂಬ ಪ್ರಶ್ನೆ ಬರುತ್ತದೆ. ಕೂರಬಹುದಿತ್ತು, ಮನೆ ತಣ್ಣಗಿದ್ದರೆ. ಅಲ್ಲಿಯ ಮನೆಗಳನ್ನು ಕಟ್ಟಿರುವುದೇ ಬಿಸಿ ಹೊರಹೋಗದಂತೆ; ಸೀಲಿಂಗ್ ಫ್ಯಾನ್ ಅಪರೂಪ, ಎಸಿ ಇನ್ನೂ ಅಪರೂಪ. ಜೂನ್ ಕೊನೆಯಲ್ಲಿ ಹಗಲು ಸುಮಾರು 17 ತಾಸು, ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಅಷ್ಟು ಹೊತ್ತು ಕಾದ ಮನೆಗಿಂತ ಬೆಟ್ಟದ ಗಾಳಿ ಮೇಲು. 2022ರ ಜುಲೈಯಲ್ಲಿ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ 33 ಡಿಗ್ರಿ ಮುಟ್ಟಿತ್ತು. 2018ರಲ್ಲಿ ರಸ್ತೆಯ ಟಾರು ಕರಗಿ, ಚಳಿಗಾಲದ ಮಂಜುಗಡ್ಡೆಗೆಂದು ಇಟ್ಟ, ರಸ್ತೆಗೆ ಜಲ್ಲಿಪುಡಿ ಎರಚುವ ಲಾರಿಗಳನ್ನು ಬೇಸಿಗೆಯಲ್ಲಿ ಇಳಿಸಬೇಕಾಯಿತು. ಆ ದೇಶದ ಶಾಲಾ ಮಕ್ಕಳ ದುಃಖ ಬೇರೆ: ಜೂನಿನಲ್ಲಿ ಲೀವಿಂಗ್ ಸರ್ಟ್ ಪರೀಕ್ಷೆ ಶುರುವಾದ ದಿನವೇ ಬಿಸಿಲು ಬರುತ್ತದೆ ಎಂಬುದು ಮನೆಮನೆಯ ನಂಬಿಕೆ.

ಗಟ್ಟಿಯಾದ ಆಕ್ಷೇಪಣೆ ಒಂದೇ. ಭೂಮಿ ಕಾಯುತ್ತಿರುವ ಕಾಲದಲ್ಲಿ ಬಿಸಿಗಾಳಿಗೆ ಹಿಗ್ಗುವುದು ಸರಿಯೇ? ಅಲ್ಲೂ ರೈತರಿಗೆ 2018ರಲ್ಲಿ ಹುಲ್ಲು ಒಣಗಿ ಮೇವಿಗೆ ಪರದಾಟವಾಗಿತ್ತು, ನಲ್ಲಿನೀರಿಗೆ ನಿರ್ಬಂಧ ಬಂದಿತ್ತು. ಆದರೆ ಸರೋವರದಲ್ಲಿ ಕಾಲಾಡಿಸಿ ಖುಷಿಪಟ್ಟದ್ದರಿಂದ ಉಷ್ಣಾಂಶ ಏರಲಿಲ್ಲ. ಏರಿಸುವುದು ಅಲ್ಲಿಗೆ ಹೋಗುವ ಕಾರು. ಆರನೆಯ ಶತಮಾನದಲ್ಲಿ ಜನರ ಸಹವಾಸವೇ ಬೇಡವೆಂದು ಸಂತ ಕೆವಿನ್ ಬಂದು ಕೂತ ಗ್ಲೆಂಡಲಾಕ್ ಸರೋವರಕ್ಕೆ ಈಗ ಬಿಸಿಲ ಭಾನುವಾರ ಕಾರುಗಳ ಸಾಲು. ಡಬ್ಲಿನ್ನಿನಿಂದ ಆ ಸಂತನ ಹೆಸರಿನದೇ ಬಸ್ಸು ಓಡುತ್ತದೆ, ಅದನ್ನು ಹತ್ತಬಹುದು.

ಆದ್ದರಿಂದ ಅಲ್ಲಿ ನರ್ಸಿಂಗೋ ಸಾಫ್ಟ್‌ವೇರೋ ಮಾಡಿಕೊಂಡಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಮುಂದಿನ ಸಲ 25 ದಾಟಿದಾಗ 'ಇದೂ ಒಂದು ಸೆಖೆಯೇ' ಎಂದು ಸಹೋದ್ಯೋಗಿಯ ಮುಂದೆ ಬೀಗಬೇಡಿ. ಮೊಸರನ್ನ ಕಟ್ಟಿಕೊಂಡು ಅವರ ಜೊತೆ ಹೊರಡಿ. ಒಣಗಿದ ಹುಲ್ಲಿನ ಮೇಲೆ ಬಾರ್ಬೆಕ್ಯೂ ಹಚ್ಚಬೇಡಿ, ಗುಡ್ಡವೇ ಹತ್ತಿಕೊಳ್ಳುತ್ತದೆ. ನೀರಿಗೆ ಧುಮುಕಬೇಡಿ, ಆ ಚಳಿ ಈಜು ಬಲ್ಲವರ ಉಸಿರನ್ನೂ ಕಟ್ಟಿಸುತ್ತದೆ, ನಿಧಾನವಾಗಿ ಇಳಿಯಿರಿ. ರೇನ್‌ಕೋಟು ಮಾತ್ರ ಚೀಲದಲ್ಲೇ ಇರಲಿ.